ಗ್ರಹಗಳೆಷ್ಟು?

ಗುಡಿಯಲ್ಲಿ ನವಗ್ರಹಗಳ ಪ್ರದಕ್ಷಿಣೆ ಮಾಡುವಾಗ ಒಮ್ಮೆ ಎಣಿಸಿ ನೋಡಿ. ಸೂರ್ಯನಿದ್ದಾನೆ, ಚಂದ್ರನಿದ್ದಾನೆ, ಕಣ್ಣಿಗೆ ಕಾಣದ ರಾಹು ಕೇತುಗಳೂ ಉಂಟು. ನಾವು ನಿಂತಿರುವ ಭೂಮಿ ಮಾತ್ರ ಆ ಪಂಕ್ತಿಯಲ್ಲಿಲ್ಲ. ಮನೆಗೆ ಬಂದು ಮಕ್ಕಳ ಪಾಠಪುಸ್ತಕ ತೆರೆದರೆ, ಭೂಮಿಯೂ ಸೇರಿ ಗ್ರಹಗಳು ಎಂಟು. ನೀವು ಶಾಲೆಯಲ್ಲಿ ಒಂಬತ್ತೆಂದು ಕಲಿತಿರಬಹುದು. ಆದರೆ ಆ ಒಂಬತ್ತೇ ಬೇರೆ, ಗುಡಿಯ ಒಂಬತ್ತೇ ಬೇರೆ.

ಇದರಲ್ಲಿ ತಪ್ಪು ಯಾರದು? ಯಾರದೂ ಅಲ್ಲವೆಂದೇ ನನ್ನ ಎಣಿಕೆ. ನಕ್ಷತ್ರಗಳ ನಡುವೆ ಸ್ಥಾನ ಬದಲಿಸುವುದೆಲ್ಲವೂ ಹಿಂದಿನವರ ಲೆಕ್ಕದಲ್ಲಿ ಗ್ರಹವೇ. ಗ್ರೀಕರು ಅವನ್ನು ಅಲೆಮಾರಿಗಳೆಂದರು, ನಮ್ಮವರು ಹಿಡಿಯುವವರೆಂದರು. ರಾಹು ಕೇತುಗಳು ಚಂದ್ರನ ದಾರಿಯೂ ಸೂರ್ಯನ ದಾರಿಯೂ ಕೂಡುವ ಎರಡು ಬಿಂದುಗಳು. ಅವಿಲ್ಲದೆ ಗ್ರಹಣದ ಗಣಿತ ಸಾಗದು. 1543ರಲ್ಲಿ ಕೊಪರ್ನಿಕಸ್ ಸೂರ್ಯನನ್ನು ನಡುವೆ ಕೂರಿಸಿದ ಮೇಲೆ ಪ್ರಶ್ನೆಯೇ ಬದಲಾಯಿತು: ಅಲೆಯುವುದು ಯಾವುದು ಎಂದಲ್ಲ, ಸೂರ್ಯನನ್ನು ಸುತ್ತುವುದು ಯಾವುದು ಎಂದು. ಭೂಮಿ ಒಳಗೆ ಬಂದಿತು. ಸೂರ್ಯ ಚಂದ್ರರು ಹೊರಗೆ ಹೋದರು. 1781ರಲ್ಲಿ ವಿಲಿಯಂ ಹರ್ಷಲ್ ಎಂಬ ಸಂಗೀತಗಾರ ದೂರದರ್ಶಕದಲ್ಲಿ ಯುರೇನಸ್ಸನ್ನು ಕಂಡ.

ಮುಂದಿನ ಕಥೆ ಸ್ವಾರಸ್ಯವಾದುದು, ಆದರೆ ಅದನ್ನು ಬಲ್ಲವರು ಕಡಿಮೆ. 1801ನೆಯ ಇಸವಿ ಜನವರಿ 1ರ ರಾತ್ರಿ ಸಿಸಿಲಿಯ ಪಲೆರ್ಮೊದಲ್ಲಿ ಪಿಯಾಟ್ಸಿ ಎಂಬ ಪಾದ್ರಿ ಒಂದು ಹೊಸ ಚುಕ್ಕೆಯನ್ನು ಗುರುತಿಸಿದರು. ಆರು ವಾರ ಅದನ್ನು ಹಿಂಬಾಲಿಸುವಷ್ಟರಲ್ಲಿ ಕಾಯಿಲೆ ಬಿದ್ದರು. ಚುಕ್ಕೆ ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ಮತ್ತೆ ಎಲ್ಲಿ ಹುಡುಕುವುದು? ಇಪ್ಪತ್ತನಾಲ್ಕು ವರ್ಷದ ಗೌಸ್ ಎಂಬ ಜರ್ಮನ್ ಗಣಿತಜ್ಞ ಆ ಕೆಲವೇ ವೀಕ್ಷಣೆಗಳಿಂದ ಅದರ ಹಾದಿಯನ್ನು ಲೆಕ್ಕಹಾಕಿಕೊಟ್ಟ. ಅದೇ ವರ್ಷದ ಕೊನೆಯ ರಾತ್ರಿ, ಅವನು ಹೇಳಿದ ತಾಣದ ಬಳಿಯೇ ಚುಕ್ಕೆ ಸಿಕ್ಕಿತು! ಅದೇ ಸೀರಿಸ್. ಪುಸ್ತಕಗಳು ಅದನ್ನು ಗ್ರಹವೆಂದೇ ಬರೆದುಕೊಂಡವು. ಆಮೇಲೆ ಪಲ್ಲಾಸ್, ಜೂನೊ, ವೆಸ್ಟಾ. 1845ರ ಅನಂತರವಂತೂ ಸಾಲುಸಾಲಾಗಿ ಬಂದವು. ಎಣಿಸಿ ಬೇಸತ್ತ ಜ್ಯೋತಿರ್ವಿಜ್ಞಾನಿಗಳು ಅವನ್ನೆಲ್ಲ ಕ್ಷುದ್ರಗ್ರಹಗಳೆಂಬ ಬೇರೆ ಪಟ್ಟಿಗೆ ಸಾಗಿಸಿದರು. ಸೀರಿಸ್ ಪದವಿ ಕಳೆದುಕೊಂಡಿತೆಂದು ಯಾರೂ ಕಣ್ಣೀರು ಹಾಕಿದಂತಿಲ್ಲ.

ಪ್ಲೂಟೊಗಾಗಿ ಮಾತ್ರ ಹಾಕಿದರು. 1930ರಲ್ಲಿ ಅಮೆರಿಕದ ಕ್ಲೈಡ್ ಟೊಂಬೊ ಕಂಡುಹಿಡಿದಾಗ ಅದು ಭಾರಿ ಗಾತ್ರದ್ದೆಂದು ನಂಬಿದ್ದರು. 1978ರಲ್ಲಿ ಅದಕ್ಕೊಂದು ಉಪಗ್ರಹ ಸಿಕ್ಕಿ, ತೂಕ ನಿಜವಾಗಿ ತಿಳಿಯಿತು: ನಮ್ಮ ಚಂದ್ರನ ಐದರಲ್ಲೊಂದು ಪಾಲೂ ಇಲ್ಲ! 1992ರಿಂದ ಆ ದೂರದಲ್ಲಿ ಬೇರೆ ಬೇರೆ ಕಾಯಗಳು ಕಾಣತೊಡಗಿದವು. 2005ರಲ್ಲಿ ಪ್ರಕಟವಾದ ಎರಿಸ್ ಪ್ಲೂಟೊಗಿಂತಲೂ ಭಾರವಾದುದು. ಸೀರಿಸ್ಸಿನ ಕಥೆಯೇ ಮರಳಿತು. 2006ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಮತ ಹಾಕಿ, ತನ್ನ ಕಕ್ಷೆಯ ನೆರೆಯನ್ನು ತೆರವುಮಾಡಿಕೊಂಡ ಕಾಯವೇ ಗ್ರಹ ಎಂಬ ಷರತ್ತನ್ನು ಸೇರಿಸಿತು. ಆಕಾಶದ ವಿಷಯಕ್ಕೆ ಕೈಯೆತ್ತಿ ಮತ ಹಾಕುವುದೆ ಎಂದು ನೀವು ನಗಬಹುದು. ಆದರೆ ಮತ ಬಿದ್ದದ್ದು ಆಕಾಶದ ಮೇಲಲ್ಲ, ನಮ್ಮ ಒಂದು ಶಬ್ದದ ಮೇಲೆ. ಆ ನಿರ್ಣಯವನ್ನು ಒಪ್ಪದ ವಿಜ್ಞಾನಿಗಳು ಇಂದಿಗೂ ಇದ್ದಾರೆ.

ಅದೇ ಸಭೆಯಿಂದಾಗಿ, ನೂರೈವತ್ತು ವರ್ಷ ಮೂಲೆಗೆ ಬಿದ್ದಿದ್ದ ಸೀರಿಸ್ ಕುಬ್ಜಗ್ರಹವೆನಿಸಿ ಪ್ಲೂಟೊವಿನ ಪಕ್ಕಕ್ಕೆ ಬಂದಿತು. 2015ರಲ್ಲಿ ಎರಡಕ್ಕೂ ನೌಕೆಗಳು ತಲುಪಿದವು: ಮಾರ್ಚಿಯಲ್ಲಿ ಡಾನ್ ಸೀರಿಸ್ಸಿಗೆ, ಜುಲೈ 14ರಂದು ನ್ಯೂ ಹೊರೈಜನ್ಸ್ ಪ್ಲೂಟೊವಿನ ಬಳಿಗೆ. ಒಂದರಲ್ಲಿ ಬೆಳ್ಳಗೆ ಹೊಳೆಯುವ ಉಪ್ಪಿನ ಕಲೆಗಳು. ಇನ್ನೊಂದರಲ್ಲಿ ಹೆಪ್ಪುಗಟ್ಟಿದ ಸಾರಜನಕದ ಬಯಲು, ಅದರ ಅಂಚಿಗೆ ನೀರ್ಗಲ್ಲಿನ ಬೆಟ್ಟಗಳು. ಎರಡನೆಯ ನೌಕೆಯಲ್ಲಿ, 1997ರಲ್ಲಿ ತೀರಿಕೊಂಡ ಟೊಂಬೊ ಅವರ ಒಂದು ಚಿಟಿಕೆ ಚಿತಾಭಸ್ಮವೂ ಇತ್ತು.