ನ್ಯಾಯಪತ್ರ ಸಂಪುಟೀಕರಣ (ಬಳ್ಳಾರಿ ಸೀಮೆಯ ಇತಿಹಾಸ)

ಒಂದು ವ್ಯಾಜ್ಯಕ್ಕೆ ಆಧಾರವಾದ ಕ್ರಯಪತ್ರ, ಪಟ್ಟಾ, ನಕಾಶೆ, ಕಂದಾಯದ ರಸೀದಿ, ಪ್ರಮಾಣಪತ್ರ ಮೊದಲಾದವುಗಳನ್ನು ಕಾಲಾನುಕ್ರಮದಿಂದ ಜೋಡಿಸಿ, ಪುಟಸಂಖ್ಯೆಯನ್ನೂ ಅನುಕ್ರಮಣಿಕೆಯನ್ನೂ ಕೊಟ್ಟು, ನ್ಯಾಯಾಧೀಶರೂ ಉಭಯಪಕ್ಷಗಳ ವಕೀಲರೂ ಒಂದೇ ಪ್ರಕಾರವಾಗಿ ತೆರೆದು ನೋಡಬಲ್ಲ ಏಕಸಂಪುಟವನ್ನಾಗಿ ಕಟ್ಟುವ ಕಾರ್ಯಕ್ಕೆ ಈ ಹೆಸರು ಸಲ್ಲುತ್ತದೆ. ವಕೀಲರ ಕಚೇರಿಗಳಲ್ಲಿ ಇದು ಬಹುಕಾಲ ಗುಮಾಸ್ತರ ಕೆಲಸವೆಂದೇ ಎಣಿಸಲ್ಪಟ್ಟಿತು. ಆದರೆ ರಾಜ್ಯವೂ ಲಿಪಿಯೂ ಮೇಲ್ಮನವಿಯ ನ್ಯಾಯಸ್ಥಾನವೂ ಪುನಃಪುನಃ ಬದಲಾದ ಬಳ್ಳಾರಿಯಂಥ ಸೀಮೆಯಲ್ಲಿ ಭೂಮಿಯ ಹಕ್ಕು ಉಳಿದುದೂ ಅಳಿದುದೂ ಎಷ್ಟೋ ವೇಳೆ ಈ ಜೋಡಣೆಯನ್ನೇ ಅವಲಂಬಿಸಿದ್ದಿತು.

ಪತ್ರಗಳನ್ನು ಕೂಡಿಸಿಡುವುದಕ್ಕಿಂತ, ಕೂಡಿಸಿದ ಮೇಲೆ ಒಂದನ್ನು ಕೀಳಲಾಗಲಿ ನಡುವೆ ತೂರಿಸಲಾಗಲಿ ಆಗದಂತೆ ಬಂಧಿಸುವುದು ಕಷ್ಟತರವಾದ ಕಾರ್ಯ. ತಾಮ್ರಶಾಸನಗಳನ್ನು ರಚಿಸಿದವರು ಈ ಕಷ್ಟವನ್ನು ಚೆನ್ನಾಗಿ ಅರಿತಿದ್ದರು. ಹಲಗೆಗಳಿಗೆ ರಂಧ್ರ ಕೊರೆದು, ಬಳೆಯೊಂದರಲ್ಲಿ ಪೋಣಿಸಿ, ಅದರ ತುದಿಗಳನ್ನು ರಾಜಮುದ್ರೆಯಿಂದ ಬೆಸೆದುಬಿಡುತ್ತಿದ್ದುದರಿಂದ, ಮುದ್ರೆಗೆ ಭಂಗ ಬಾರದೆ ದಾನದ ಷರತ್ತುಗಳಲ್ಲಿ ವ್ಯತ್ಯಾಸ ಮಾಡುವುದು ಅಸಾಧ್ಯವಾಗಿದ್ದಿತು. ಹಳೆಯ ಬಳ್ಳಾರಿ ಜಿಲ್ಲೆಗೆ ಸೇರಿದ್ದು ಈಗ ವಿಜಯನಗರ ಜಿಲ್ಲೆಯಲ್ಲಿರುವ ಹಿರೇಹಡಗಲಿಯಲ್ಲಿ ದೊರೆತ, ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಶಾಸನವು ಪೂರ್ವದಲ್ಲಿ ಕೊಟ್ಟಿದ್ದ ದತ್ತಿಯೊಂದನ್ನು ಉಲ್ಲೇಖಿಸಿ ಅದನ್ನು ಸ್ಥಿರಪಡಿಸುತ್ತದೆ. ಇಂದಿನ ಕ್ರಯಪತ್ರದಲ್ಲಿ ಹಿಂದಿನ ಪತ್ರಗಳ ವಿವರವನ್ನು ಬರೆಯುವ ಕ್ರಮಕ್ಕೆ ಇದಕ್ಕಿಂತ ಪ್ರಾಚೀನವಾದ ನಿದರ್ಶನ ಈ ನಾಡಿನಲ್ಲಿ ವಿರಳ. ಸಿಂದರ ರಾಜಧಾನಿಯಾಗಿದ್ದ ಕುರುಗೋಡಿನಂಥ ಊರುಗಳಲ್ಲಿ ಸ್ಥಿರವಾದ ದಾನಗಳನ್ನು ಶಿಲೆಯಲ್ಲಿ ಕೆತ್ತಿಸಿದರು. ದಿನನಿತ್ಯದ ಲೆಕ್ಕಗಳಿಗೆ ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು ಮಡಿಕೆ ಮಡಿಕೆಯಾಗಿ ಮಡಿಸಿದ ಕಡತವು ಬಳಕೆಯಲ್ಲಿದ್ದಿತು. ಬಳಪದ ಬರಹವನ್ನು ಒರಸಿ ತಿದ್ದಬಹುದಾಗಿದ್ದುದೇ ಅದರ ಸೌಕರ್ಯ. ಸಾಕ್ಷ್ಯದ ದೃಷ್ಟಿಯಿಂದ ಅದೇ ಅದರ ದೌರ್ಬಲ್ಯ.

1800ರಲ್ಲಿ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ತರುವಾಯ, 1807ರವರೆಗೆ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಹೊಲಹೊಲವನ್ನೂ ಅಳೆಯಿಸಿ ರೈತವಾರಿ ಪದ್ಧತಿಯನ್ನು ನೆಲೆಗೊಳಿಸಿದಾಗ, ಕರಣಂ ಬರೆದಿಡುತ್ತಿದ್ದ ಗ್ರಾಮಲೆಕ್ಕವು ಸರ್ಕಾರದ ದಾಖಲೆಯ ಅಂಗವಾಯಿತು. 1858ರಲ್ಲಿ ನೇಮಕಗೊಂಡ ಮದ್ರಾಸಿನ ಇನಾಂ ಕಮಿಷನ್ ಪ್ರತಿಯೊಂದು ಇನಾಮಿನ ಮೂಲ, ಅನುಭವ, ವಾರಸುಗಳನ್ನು ವಿಚಾರಿಸಿ ರಿಜಿಸ್ಟರಿನಲ್ಲಿ ದಾಖಲು ಮಾಡಿತು. ಮೋಡಿ ಲಿಪಿಯ ಮರಾಠಿ, ತೆಲುಗು, ಕನ್ನಡ, ಇಂಗ್ಲಿಷ್‌ಗಳಲ್ಲಿ ಚದುರಿದ ಕಾಗದಗಳು ಹೀಗೆ ಬೆಳೆದವು. ಅವನ್ನು ಓದಬಲ್ಲ ಗುಮಾಸ್ತನಿಲ್ಲದ ವಕೀಲನು ಇನಾಂ ದಾವೆಗೆ ಕೈಹಾಕುವುದು ದುಸ್ಸಾಹಸವೇ ಸರಿ.

ಕೋರ್ಟಿನೊಳಗಿನ ಶಿಸ್ತು ಬಂದುದು ಸಿವಿಲ್ ಪ್ರಕ್ರಿಯಾ ಸಂಹಿತೆಯಿಂದ. 1908ರ ಸಂಹಿತೆಯ 13ನೆಯ ಆದೇಶದ ಪ್ರಕಾರ, ಸಾಕ್ಷ್ಯವಾಗಿ ಸ್ವೀಕೃತವಾದ ಪ್ರತಿಯೊಂದು ಪತ್ರದ ಮೇಲೂ ದಾವೆಯ ಸಂಖ್ಯೆ, ಹಾಜರುಪಡಿಸಿದವರ ಹೆಸರು, ದಿನಾಂಕಗಳನ್ನು ಬರೆದು ನ್ಯಾಯಾಧೀಶರು ಸಹಿಮಾಡಬೇಕು. ಸ್ವೀಕೃತವಾದುದು ಕಡತದ ಭಾಗವಾಗುತ್ತದೆ, ಆಗದುದು ತಂದವರಿಗೆ ಮರಳುತ್ತದೆ. ಮೇಲ್ಮನವಿ ಹೋದಾಗ ಇವೆಲ್ಲವೂ ಪೇಪರ್ ಬುಕ್ ಎಂಬ ಸಂಪುಟವಾಗಿ ಮದ್ರಾಸ್ ಹೈಕೋರ್ಟಿಗೂ, 1949ರವರೆಗೆ ಪ್ರಿವಿ ಕೌನ್ಸಿಲಿಗೂ ಪಯಣಿಸುತ್ತಿದ್ದವು. ದೂರದ ನ್ಯಾಯಮೂರ್ತಿಗಳು ಬಳ್ಳಾರಿಯ ಹೊಲವನ್ನು ಕಾಣುತ್ತಿದ್ದುದು ಆ ಪುಟಗಳಲ್ಲಿ ಮಾತ್ರ.

1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿ, ಉಳಿದ ಬಳ್ಳಾರಿ ಜಿಲ್ಲೆ ಮೈಸೂರಿಗೆ ಸೇರಿತು. ಸಿರುಗುಪ್ಪದ ಕಡೆಯಲ್ಲೂ ಆದೋನಿಯ ಕಡೆಯಲ್ಲೂ ಹೊಲಗಳಿದ್ದ ಕುಟುಂಬದ ವಿಭಾಗಪತ್ರ ಒಂದೇ ಆಗಿದ್ದರೂ, ಅದಕ್ಕೆ ಆಧಾರವಾದ ದಾಖಲೆಗಳು ಎರಡು ರಾಜ್ಯಗಳ ಕಚೇರಿಗಳಿಗೆ ಹಂಚಿಹೋದವು. ನವಶಿಲಾಯುಗದ ನೆಲೆಯೆಂದು ವಿಶ್ರುತವಾದ ಸಂಗನಕಲ್ಲಿನ ಒಂದು ಎರೆಹೊಲದ ಹಕ್ಕನ್ನು ಸ್ಥಾಪಿಸಬೇಕಾದವನು ಮದ್ರಾಸ್ ಕಾಲದ ಅಡಂಗಲ್ ಮತ್ತು ರೀಸೆಟಲ್ಮೆಂಟ್ ರಿಜಿಸ್ಟರಿನ ನಕಲು, ಇನಾಂ ಆಗಿದ್ದರೆ ಅದರ ರಿಜಿಸ್ಟರಿನ ಉತಾರ, ಸಬ್‌ರಿಜಿಸ್ಟ್ರಾರ್ ಕಚೇರಿಯ ದೃಢೀಕೃತ ಪ್ರತಿ ಮತ್ತು ಋಣಭಾರ ಪತ್ರ, ಮೈಸೂರು ಕಾಲದ ಪಹಣಿ, ಖಾತೆ ಬದಲಾವಣೆಯ ಆದೇಶ ಇವಿಷ್ಟನ್ನೂ, ನಡುವೆ ಒಂದು ತಲೆಮಾರೂ ಬಿಟ್ಟುಹೋಗದಂತೆ, ಕ್ರಮವಾಗಿ ಜೋಡಿಸಬೇಕು. ಮದ್ರಾಸಿನ ಪದ್ಧತಿಯಲ್ಲಿ ವಾದಿಯ ಪತ್ರಗಳಿಗೆ ಎ, ಪ್ರತಿವಾದಿಯ ಪತ್ರಗಳಿಗೆ ಬಿ ಎಂಬ ಗುರುತಿದ್ದರೆ, ಕರ್ನಾಟಕದ ಕೋರ್ಟುಗಳಲ್ಲಿ ಪಿ ಮತ್ತು ಡಿ ಎಂಬವು ರೂಢಿಯಲ್ಲಿವೆ. ಮೇಲ್ಮನವಿಯ ದಾರಿಯೂ ಬದಲಾಯಿತು: ಮೊದಲು ಮದ್ರಾಸು, ಆಮೇಲೆ ಬೆಂಗಳೂರು, 2008ರಿಂದ ಹೈಕೋರ್ಟಿನ ಧಾರವಾಡ ಪೀಠ. ಇತ್ತೀಚೆಗೆ ಕುರುಗೋಡು ಪ್ರತ್ಯೇಕ ತಾಲ್ಲೂಕಾದುದೂ, 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದುದೂ ಈ ಸ್ಥಾನಾಂತರಗಳ ಸಾಲಿಗೆ ಸೇರುತ್ತವೆ. ಇಂಥ ಸೀಮೆಯಲ್ಲಿ ಕಕ್ಷಿದಾರನ ಮನೆಯ ಪೆಟ್ಟಿಗೆಯಲ್ಲಿ ಸುರಕ್ಷಿತವಾಗಿ ಉಳಿದ ಸಂಪುಟಕ್ಕೆ ಯಾವ ಕಚೇರಿಯ ಕಡತಕ್ಕಿಂತಲೂ ಹೆಚ್ಚಿನ ಬೆಲೆಯಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಜಿಲ್ಲೆಯ ಅತಿವಿಸ್ತಾರವಾದ ಸಂಪುಟ ಹುಟ್ಟಿದುದು ಹೊಲದಿಂದಲ್ಲ, ಗಣಿಯಿಂದ. ಅಕ್ರಮ ಗಣಿಗಾರಿಕೆಯ ವಿರುದ್ಧ 2009ರಲ್ಲಿ ಸಮಾಜ ಪರಿವರ್ತನ ಸಮುದಾಯವು ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿ, ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ 2008 ಮತ್ತು 2011ರ ವರದಿಗಳು, ಕೇಂದ್ರ ಉನ್ನತಾಧಿಕಾರ ಸಮಿತಿಯ ವರದಿಗಳು ಇವುಗಳಲ್ಲಿ ಗುತ್ತಿಗೆಯ ನಕಾಶೆ, ಅರಣ್ಯದ ಗಡಿ, ಅದಿರಿನ ಸಾಗಣೆ ಪರವಾನಗಿಗಳು ಎದುರುಬದುರಾಗಿ ನಿಂತವು. ಬಿಡಿಬಿಡಿಯಾಗಿ ನಿರ್ದೋಷವೆಂದು ತೋರಬಹುದಾದ ಕಾಗದವು ಪಕ್ಕದ ಕಾಗದದೊಡನೆ ಇಟ್ಟು ನೋಡಿದಾಗ ಬೇರೆಯೇ ಸಾಕ್ಷ್ಯವನ್ನು ನುಡಿಯಿತು. ಗಣಿಗಳನ್ನು ಎ, ಬಿ, ಸಿ ಎಂದು ವರ್ಗೀಕರಿಸಿದ ಕ್ರಮವನ್ನು ನ್ಯಾಯಾಲಯವು 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಅಂಗೀಕರಿಸಿತು.

ಪಹಣಿಯು ‘ಭೂಮಿ’ ಯೋಜನೆಯ ಮೂಲಕವೂ, ನೋಂದಣಿಯು ‘ಕಾವೇರಿ’ ತಂತ್ರಾಂಶದ ಮೂಲಕವೂ ಗಣಕಕ್ಕೆ ಬಂದ ಮೇಲೆ ಸಂಪುಟದ ಸ್ವರೂಪವೂ ಪರಿವರ್ತಿತವಾಯಿತು. 2007ರಲ್ಲಿ ಆರಂಭವಾದ ಇ-ಕೋರ್ಟ್ಸ್ ಯೋಜನೆಯಿಂದ ಬೆಳೆದ ಇ-ಫೈಲಿಂಗ್ ವ್ಯವಸ್ಥೆಗೆ ಪತ್ರಗಳನ್ನು ಪಿಡಿಎಫ್ ರೂಪದಲ್ಲಿ ಕೊಡಬೇಕು. 1993ರಲ್ಲಿ ಅಡೋಬಿ ಸಂಸ್ಥೆ ಪ್ರಕಟಿಸಿದ ಈ ರೂಪ 2008ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಸ್ಕ್ಯಾನ್ ಮಾಡಿದ ಹತ್ತಾರು ಕಾಗದಗಳನ್ನು ಒಂದುಗೂಡಿಸಿ, ಪ್ರತಿಯೊಂದು ದಾಖಲೆಗೂ ಬುಕ್‌ಮಾರ್ಕ್ ಕೊಡುವುದು ಈಗಿನ ಗುಮಾಸ್ತನ ಕೆಲಸ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದ ಮೇರೆಗೆ ವಿದ್ಯುನ್ಮಾನ ದಾಖಲೆಯೊಡನೆ ಕೊಡಬೇಕಾದ ಪ್ರಮಾಣಪತ್ರದಲ್ಲಿ ಅದರ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು; ಕಡತದಲ್ಲಿ ಒಂದಕ್ಷರ ಬದಲಾದರೂ ಆ ಮೌಲ್ಯ ಬದಲಾಗುವುದರಿಂದ ತಿದ್ದುಪಡಿ ಬಯಲಾಗುತ್ತದೆ. ಆದರೆ ಮೂಲಪತ್ರದ ಸಹಿಯನ್ನೋ ಮುದ್ರೆಯನ್ನೋ ಎದುರುಪಕ್ಷ ಅಲ್ಲಗಳೆದಾಗ ಪ್ರತಿರೂಪವು ಸಾಲದೆ ಮೂಲವನ್ನೇ ಹಾಜರುಪಡಿಸಬೇಕಾಗುವುದರಿಂದ, ಸ್ಕ್ಯಾನ್ ಮುಗಿದ ಮೇಲೆಯೂ ಹಳೆಯ ಕಾಗದಗಳನ್ನು ಕಾಪಾಡಿಕೊಳ್ಳುವಂತೆ ವಕೀಲರು ಕಕ್ಷಿದಾರರಿಗೆ ಹೇಳಲೇಬೇಕಾಗುತ್ತದೆ.