ಒಂದೇ ವೈರಿನ ಮೇಲೆ ಹಲವು ತಾಪಮಾಪಕ

ಪಾಲಿಟೆಕ್ನಿಕ್ ಲ್ಯಾಬಿಗೆ ನಾನು ಸೇರಿದ ಕಾಲದಲ್ಲಿ ಉಷ್ಣಾಂಶದ ಪ್ರಾಜೆಕ್ಟ್ ಅಂದರೆ ಎಲ್‌ಎಂ35. ಒಂದು ಡಿಗ್ರಿಗೆ 10 ಮಿಲಿವೋಲ್ಟ್ ಕೊಡುವ ಪುಟ್ಟ ಸೆನ್ಸರ್ ಅದು. 27 ಡಿಗ್ರಿ ಇದ್ದರೆ 270 ಮಿಲಿವೋಲ್ಟ್. ಮೇಜಿನ ಮೇಲೆ ಅದರದ್ದೇನೂ ತಕರಾರಿಲ್ಲ. ಆದರೆ ಶಿಡ್ಲಘಟ್ಟದ ಕಡೆಯಿಂದ ಬರುವ ನಮ್ಮ ಹುಡುಗ ಹುಡುಗಿಯರಿಗೆ ಅಳೆಯಬೇಕಾಗಿದ್ದದ್ದು ರೇಷ್ಮೆ ಹುಳು ಮನೆಯನ್ನು. ಎಳೆಯ ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಬೇಕು, ದೊಡ್ಡ ಹುಳುವಿಗೆ 24–25 ಸಾಕು. ಬಾಗಿಲ ಪಕ್ಕದ ತಟ್ಟೆಗೂ ಒಳಮೂಲೆಯ ತಟ್ಟೆಗೂ ಎರಡು ಮೂರು ಡಿಗ್ರಿ ವ್ಯತ್ಯಾಸ ಬಂದರೆ ಆ ಮೂಲೆಯ ಹುಳು ಹಿಂದೆ ಬಿದ್ದು, ಮಿಕ್ಕವು ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ಮೇಲೂ ಮಲಗಿರುತ್ತವೆ. ಅಷ್ಟುದ್ದಕ್ಕೆ ವೈರ್ ಎಳೆದರೆ ಎಲ್‌ಎಂ35 ಕೈಕೊಡುತ್ತಿತ್ತು. ಪಕ್ಕದಲ್ಲಿ ಮೋಟಾರ್ ಶುರುವಾದರೆ ಸಾಕು, ಆ ಸಣ್ಣ ವೋಲ್ಟೇಜಿನ ಮೇಲೆ ಗದ್ದಲ ಕೂತು ಅಂಕಿ ಕುಣಿಯುತ್ತಿತ್ತು. ಸಾಲದ್ದಕ್ಕೆ ಒಂದೊಂದು ಸೆನ್ಸರಿಗೂ ಒಂದೊಂದು ಅನಲಾಗ್ ಪಿನ್ ಬೇಕು.

ಈ ತೊಡಕು ಬಿಡಿಸಿದ್ದು ಟೆಕ್ಸಸ್‌ನ ಡಲ್ಲಾಸ್ ಊರಿನ ಒಂದು ಕಂಪನಿ. ಹೆಸರೂ ಊರಿನದ್ದೇ: ಡಲ್ಲಾಸ್ ಸೆಮಿಕಂಡಕ್ಟರ್, 1984ರಲ್ಲಿ ಶುರುವಾದದ್ದು. ಕರೆಂಟ್ ಹೋದರೂ ಸಮಯ ಮರೆಯದ ಗಡಿಯಾರದ ಚಿಪ್ಪು, ಒಳಗೇ ಲಿಥಿಯಂ ಬ್ಯಾಟರಿ ಇಟ್ಟ ಮೆಮೊರಿ, ಇಂಥ ವಿಶೇಷದ ಸರಕುಗಳಿಗೆ ಅದು ಹೆಸರಾಗಿತ್ತು. ಅವರಿಗೆ ವೈರ್ ಉಳಿಸುವ ಹುಚ್ಚು. ಗುಂಡಿಯಂಥ ಸ್ಟೀಲ್ ಡಬ್ಬಿಯಲ್ಲಿ ಚಿಪ್ಪು ಕೂರಿಸಿ ಐಬಟನ್ ಎಂದು ಮಾರುತ್ತಿದ್ದರು. ಇಸ್ತಾಂಬುಲ್‌ನಲ್ಲಿ ಬಸ್ಸು, ದೋಣಿ ಹತ್ತುವವರು ಇದನ್ನೇ ಟಿಕೆಟ್ಟಾಗಿ ಒತ್ತುತ್ತಿದ್ದರು. ಡಬ್ಬಿಗೆ ಇರುವುದು ಎರಡೇ ಮುಖ. ಒಂದು ನೆಲಕ್ಕೆ, ಅಂದರೆ ಗ್ರೌಂಡಿಗೆ. ಉಳಿದ ಒಂದರಲ್ಲೇ ಮಾತು ಹೋಗಬೇಕು, ಬರಬೇಕು, ಅದರಲ್ಲೇ ವಿದ್ಯುತ್ತೂ ಬರಬೇಕು. ಈ ಪದ್ಧತಿಗೆ ಒನ್-ವೈರ್ ಎಂದು ಹೆಸರು.

ಅದೇ ಪದ್ಧತಿಯಲ್ಲಿ ಬಂದದ್ದು ಡಿಎಸ್1820 ಎಂಬ ತಾಪಮಾಪಕ, ಮುಂದೆ ಅದರ ಜಾಗಕ್ಕೆ ಡಿಎಸ್18ಬಿ20. ನೋಡಲು ಮಾಮೂಲಿ ಟ್ರಾನ್ಸಿಸ್ಟರ್, ಮೂರು ಕಾಲು. ಡಿಎಸ್1820ರ ಡೇಟಾಶೀಟಿನಲ್ಲಿ ನನಗೆ ಬಹಳ ಪ್ರಿಯವಾದ ಚಿತ್ರವೊಂದಿದೆ. ಒಳಗೆ ಎರಡು ಆಸಿಲೇಟರ್: ಒಂದರ ಬಡಿತ ಬಿಸಿಲಿಗೂ ಚಳಿಗೂ ಹೆಚ್ಚು ಬದಲಾಗುವುದಿಲ್ಲ, ಇನ್ನೊಂದರದ್ದು ಉಷ್ಣಾಂಶದ ಜೊತೆ ಬದಲಾಗುತ್ತದೆ. ಎರಡನೆಯದು ಗೊತ್ತುಮಾಡಿದ ಅವಧಿಯೊಳಗೆ ಮೊದಲನೆಯದು ಎಷ್ಟು ಸಲ ಬಡಿಯಿತು ಎಂದು ಎಣಿಸಿದರೆ ಉಷ್ಣಾಂಶ ಸಿಕ್ಕಿತು. ವೋಲ್ಟೇಜನ್ನು ಹೊರಗೆ ಕಳಿಸುವ ಮಾತೇ ಇಲ್ಲ. ಅಂಕಿ ಅಲ್ಲೇ ಹುಟ್ಟುತ್ತದೆ; ವೈರಿನಲ್ಲಿ ಹರಿಯುವುದು ಸೊನ್ನೆ, ಒಂದು ಅಷ್ಟೇ. ಹುಳು ಮನೆಯ ಉದ್ದ ಎಷ್ಟಿದ್ದರೂ 25.5 ಎಂಬುದು 25.5 ಆಗಿಯೇ ಬಂದು ತಲುಪುತ್ತದೆ. ಹಾದಿಯಲ್ಲಿ ಕೆಟ್ಟರೆ ಕೊನೆಯ ಪರೀಕ್ಷಾ ಬೈಟ್ ತಾಳೆಯಾಗದೆ ಸಿಕ್ಕಿಬೀಳುತ್ತದೆ.

ಇನ್ನು ಒಂದೇ ವೈರಿಗೆ ಹತ್ತು ಸೆನ್ಸರ್ ಕಟ್ಟಿದರೆ ಯಾವುದು ಯಾವುದೆಂದು ತಿಳಿಯುವುದು ಹೇಗೆ? ಫ್ಯಾಕ್ಟರಿಯಲ್ಲೇ ಪ್ರತಿ ಚಿಪ್ಪಿನೊಳಗೂ 64 ಬಿಟ್‌ಗಳ ಸಂಖ್ಯೆಯೊಂದನ್ನು ಅಳಿಸಲಾಗದಂತೆ ಬರೆದಿರುತ್ತಾರೆ. ಮೊದಲ 8 ಬಿಟ್ ಜಾತಿಸೂಚಕ, ಕೊನೆಯ 8 ತಾಳೆ ನೋಡಲು, ನಡುವಿನ 48 ಆ ಚಿಪ್ಪಿನದೇ ಸಂಖ್ಯೆ. 48 ಬಿಟ್ ಅಂದರೆ 281 ಲಕ್ಷ ಕೋಟಿಗೂ ಮಿಕ್ಕಿದ ಸಂಖ್ಯೆಗಳು. ಈ ಸಂಖ್ಯೆಗಳನ್ನು ಮೈಕ್ರೊಕಂಟ್ರೋಲರ್ ಬೋರ್ಡು ಪತ್ತೆ ಮಾಡುವ ರೀತಿ, ಹಾಜರಿ ಪುಸ್ತಕವಿಲ್ಲದೆ ಹಾಜರಿ ತೆಗೆದುಕೊಂಡ ಹಾಗೆ. ಎಲ್ಲ ಸೆನ್ಸರ್‌ಗಳೂ ಒಟ್ಟಿಗೆ ತಮ್ಮ ಸಂಖ್ಯೆಯ ಮೊದಲ ಬಿಟ್ ಹೇಳುತ್ತವೆ, ಕೂಡಲೇ ಅದರ ವಿರುದ್ಧ ಬಿಟ್ಟನ್ನೂ ಹೇಳುತ್ತವೆ. ಯಾರಾದರೊಬ್ಬರು ಎಳೆದರೂ ವೈರ್ ಸೊನ್ನೆಗಿಳಿಯುತ್ತದೆ. ಆದ್ದರಿಂದ ಎರಡು ಸಲವೂ ಸೊನ್ನೆ ಬಂದರೆ ಇಲ್ಲಿ ಎರಡು ಬಣ ಇದೆ ಎಂದರ್ಥ. ಬೋರ್ಡು ಒಂದು ಬಣವನ್ನು ಆರಿಸುತ್ತದೆ, ಇನ್ನೊಂದು ಬಣ ಬಾಯಿ ಮುಚ್ಚುತ್ತದೆ. ಹೀಗೆ 64 ಸಲ. ಕೊನೆಗೆ ಉಳಿಯುವುದು ಒಬ್ಬರೇ, ಅವರ ಸಂಖ್ಯೆ ಗೊತ್ತಾಯಿತು. ಮತ್ತೆ ಮೊದಲಿನಿಂದ, ಈ ಸಲ ಕವಲಿನಲ್ಲಿ ಬೇರೆ ದಾರಿ. ಕರಿಹಲಗೆಯ ಮೇಲೆ ಇದನ್ನು ಗೀಟು ಹಾಕಿ ತೋರಿಸಿದಾಗ ಹಿಂದಿನ ಬೆಂಚಿನವರೂ ಮುಂದಕ್ಕೆ ಬಂದು ನಿಲ್ಲುತ್ತಾರೆ. ಇಷ್ಟು ಅಂದದ ಲೆಕ್ಕ ನಮ್ಮ ಸಿಲಬಸ್ಸಿನಲ್ಲಿ ಇನ್ನೊಂದಿಲ್ಲ.

ಆದರೆ ಆಗ ಇದನ್ನು ಕೈಯಾರೆ ಮಾಡಿಸುವುದು ಸುಲಭವಿರಲಿಲ್ಲ. ನಮ್ಮಲ್ಲಿದ್ದದ್ದು 8051 ಮೈಕ್ರೊಕಂಟ್ರೋಲರ್. 12 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕಿದರೆ ಒಂದು ಮೆಷಿನ್ ಸೈಕಲ್ಲಿಗೆ ಸರಿಯಾಗಿ ಒಂದು ಮೈಕ್ರೊಸೆಕೆಂಡ್. ವೈರನ್ನು 480 ಮೈಕ್ರೊಸೆಕೆಂಡ್ ಕೆಳಗೆ ಹಿಡಿದು ಬಿಟ್ಟರೆ ಸೆನ್ಸರ್ ‘ಇದ್ದೇನೆ’ ಎಂದು ತಾನೊಮ್ಮೆ ಎಳೆಯುತ್ತದೆ. ಬಿಟ್ ಓದಬೇಕಾದರೆ 15 ಮೈಕ್ರೊಸೆಕೆಂಡಿನೊಳಗೆ ಓದಿ ಮುಗಿಸಬೇಕು. ಅಸೆಂಬ್ಲಿಯಲ್ಲಿ ಒಂದೊಂದು ಸಾಲನ್ನೂ ಎಣಿಸಿ ಬರೆದು, ಚಿಪ್ಪನ್ನು ಕಿತ್ತು ಪ್ರೋಗ್ರಾಮರಿಗೆ ಹಾಕಿ, ಮತ್ತೆ ತಂದು ಕೂರಿಸಬೇಕು. ಜಾಣ ಮಕ್ಕಳು ಮಾಡುತ್ತಿದ್ದರು. ಉಳಿದವರು ಪ್ರಾಜೆಕ್ಟ್ ಕೊಳ್ಳುತ್ತಿದ್ದರು.

ಅದನ್ನು ಬದಲಿಸಿದ ಬೋರ್ಡು ಹುಟ್ಟಿದ್ದು ಇಟಲಿಯ ಇವ್ರೆಯಾದಲ್ಲಿ, ಒಲಿವೆಟ್ಟಿ ಟೈಪ್‌ರೈಟರ್ ಕಂಪನಿ 1908ರಲ್ಲಿ ಶುರುವಾದ ಊರಿನಲ್ಲಿ. ಅಲ್ಲಿನ ಇಂಟರ್‌ಆಕ್ಷನ್ ಡಿಸೈನ್ ಸಂಸ್ಥೆಯಲ್ಲಿ ಓದುತ್ತಿದ್ದವರಲ್ಲಿ ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲದ ಡಿಸೈನಿನ ಮಂದಿ ಬಹಳ. ಅಂಥವರಿಗೂ ನಿಲುಕಲಿ ಎಂದು ಕೊಲಂಬಿಯಾದಿಂದ ಬಂದಿದ್ದ ವಿದ್ಯಾರ್ಥಿ ಎರ್ನಾಂಡೊ ಬಾರಗಾನ್ 2003ರಲ್ಲಿ ತನ್ನ ಸ್ನಾತಕೋತ್ತರ ಪ್ರಬಂಧಕ್ಕಾಗಿ ‘ವೈರಿಂಗ್’ ಕಟ್ಟತೊಡಗಿದ. ಮಾರ್ಗದರ್ಶಕರು ಮಾಸಿಮೊ ಬಾಂಜಿ ಮತ್ತು ಕೇಸಿ ರೀಸ್. ಪಿನ್‌ಮೋಡ್, ಡಿಜಿಟಲ್‌ರೈಟ್ ಎಂದು ನನ್ನ ಮಕ್ಕಳು ದಿನವೂ ಟೈಪ್ ಮಾಡುತ್ತಾರಲ್ಲ, ಅವೆಲ್ಲ ಬಾರಗಾನ್‌ನ ಕೆಲಸದಿಂದ ಬಂದವು. 2005ರಲ್ಲಿ ಬಾಂಜಿ ಮತ್ತು ಸಂಗಡಿಗರು ಅದೇ ತಳಹದಿಯ ಮೇಲೆ, ಇನ್ನೂ ಅಗ್ಗದ ಎಟಿಮೆಗಾ8 ಚಿಪ್ಪು ಹಾಕಿ ಆರ್ಡ್ವಿನೊ ತಂದರು. ಬಾರಗಾನ್ ಆ ತಂಡದಲ್ಲಿರಲಿಲ್ಲ. ಜಗತ್ತೆಲ್ಲ ಆರ್ಡ್ವಿನೊ ಹೆಸರು ಹೇಳಿತು, ಅವನ ಹೆಸರು ಅಡಿಟಿಪ್ಪಣಿಗೆ ಸರಿಯಿತು. ಕೊನೆಗೆ 2016ರಲ್ಲಿ ಅವನೇ ಕೂತು ಆ ಕಥೆಯನ್ನು ವಿವರವಾಗಿ ಬರೆಯಬೇಕಾಯಿತು. ಇದು ಅನ್ಯಾಯ ಎಂದೇ ನನ್ನ ಭಾವನೆ. ನಮ್ಮ ಲ್ಯಾಬ್ ರೆಕಾರ್ಡಿನಲ್ಲಿ ಆರ್ಡ್ವಿನೊ ಪರಿಚಯ ಬರೆಯುವಾಗ ಬಾರಗಾನ್ ಹೆಸರಿಲ್ಲದಿದ್ದರೆ ನಾನು ಸಹಿ ಹಾಕುವುದಿಲ್ಲ.

ಡಲ್ಲಾಸ್‌ನವರು ಸೆನ್ಸರ್ ಮಾಡಿದ್ದು ಎಂಜಿನಿಯರುಗಳಿಗೆ; ಇವ್ರೆಯಾದವರು ಬೋರ್ಡು ಮಾಡಿದ್ದು ಎಂಜಿನಿಯರುಗಳಲ್ಲದವರಿಗೆ. ಎರಡನ್ನೂ ಬೆಸೆದವರು ಸಂಬಳವಿಲ್ಲದೆ ಕೋಡ್ ಬರೆದ ಕೆಲವರು. 2007ರಲ್ಲಿ ಜಿಮ್ ಸ್ಟಟ್ ಎಂಬವರು ಒನ್‌ವೈರ್ ಲೈಬ್ರರಿ ಬರೆದು ಹಂಚಿದರು. ಆ 480, ಆ 15, ಆ 64 ಸಲದ ಹುಡುಕಾಟ ಅದರೊಳಗೆ ಸೇರಿತು. ಮುಂದೆ ಪಾಲ್ ಸ್ಟಾಫ್ರೆಗನ್ ಅದನ್ನು ನೋಡಿಕೊಳ್ಳುತ್ತ ಬಂದರು. ಅದರ ಮೇಲೆ ಮೈಲ್ಸ್ ಬರ್ಟನ್ ಇನ್ನೊಂದು ಪದರ ಕಟ್ಟಿ, ಬಿಟ್‌ಗಳ ಬದಲು ನೇರ ಡಿಗ್ರಿಯೇ ಸಿಗುವಂತೆ ಮಾಡಿದರು. ವಾರಗಟ್ಟಲೆ ಹಿಡಿಯುತ್ತಿದ್ದ ಅಸೆಂಬ್ಲಿ ಕೆಲಸ ಹೀಗೆ ಒಂದು ಮಧ್ಯಾಹ್ನದ ಲ್ಯಾಬಿಗೆ ಇಳಿಯಿತು.

ಜೋಡಣೆಯಲ್ಲಿ ಹಳದಿ-ನೇರಳೆ-ಕೆಂಪು ಪಟ್ಟಿಯ 4.7 ಕಿಲೊಓಮ್ ರೆಸಿಸ್ಟರ್ ಒಂದನ್ನು ಡೇಟಾ ವೈರಿಗೂ 5 ವೋಲ್ಟಿಗೂ ನಡುವೆ ಹಾಕಬೇಕು. ಎಲ್ಲರೂ ವೈರನ್ನು ಕೆಳಗೆಳೆಯುವವರೇ. ಮೇಲೆತ್ತುವುದು ಈ ರೆಸಿಸ್ಟರ್ ಒಂದೇ. ಮರೆತರೆ “ಮೇಡಂ, ಮೈನಸ್ 127 ಬರ್ತಿದೆ” ಎಂಬ ಕೂಗು ಖಚಿತ. ಸೆನ್ಸರ್ ಅಳೆಯುವುದೇ ಮೈನಸ್ 55ರಿಂದ 125ರವರೆಗೆ. ಸೆನ್ಸರ್ ಸಿಗಲಿಲ್ಲ ಎಂದು ತಿಳಿಸಲು ಲೈಬ್ರರಿ ಬರೆದವರು ಆ ಮಿತಿಯಾಚೆಯ ಅಂಕಿ ಆರಿಸಿದ್ದಾರೆ. ಇನ್ನು 85 ಬಂದರೆ ಅದು ಚಿಪ್ಪಿನದ್ದೇ ಮಾತು: ಈಗಷ್ಟೇ ಕರೆಂಟ್ ಬಂತು, ಇನ್ನೂ ಅಳೆದಿಲ್ಲ. 12 ಬಿಟ್ ರೆಸಲ್ಯೂಶನ್ನಿಗೆ ಅದಕ್ಕೆ 750 ಮಿಲಿಸೆಕೆಂಡ್ ಬೇಕು.

ಡಲ್ಲಾಸ್ ಸೆಮಿಕಂಡಕ್ಟರ್ 2001ರಲ್ಲಿ ಮ್ಯಾಕ್ಸಿಮ್ ಪಾಲಾಯಿತು, ಮ್ಯಾಕ್ಸಿಮ್ 2021ರಲ್ಲಿ ಅನಲಾಗ್ ಡಿವೈಸಸ್ ಪಾಲಾಯಿತು. ಈಚೆಗೆ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸ್ಟೀಲ್ ಕೊಳವೆಯೊಳಗೆ ಕೂರಿಸಿದ ಸೆನ್ಸರ್ ಕೇಳಿದರೆ ಕೈಗೆ ಬರುವುದರಲ್ಲಿ ನಕಲಿಯೂ ಬೇಕಾದಷ್ಟು. ಡಬ್ಬಿಯ ಕಾಲದ ಆ ಎರಡೇ ವೈರಿನ ಚಮತ್ಕಾರ ಎಷ್ಟೋ ನಕಲಿಗಳಿಗೆ ಬರುವುದಿಲ್ಲ, ಹಾಗಾಗಿ ನಾವು ವಿದ್ಯುತ್ತಿಗೆ ಮೂರನೆಯ ವೈರನ್ನು ಎಳೆದೇ ಕಟ್ಟಿಸುತ್ತೇವೆ. ಕಟ್ಟುವ ಮೊದಲು ಒಂದೊಂದನ್ನೇ ಬೋರ್ಡಿಗೆ ಹಾಕಿ ಅದರ 64 ಬಿಟ್ ಸಂಖ್ಯೆ ಓದಿ, ಟೇಪಿನ ಮೇಲೆ ಬರೆದು ವೈರಿಗೆ ಅಂಟಿಸುವುದು ನಮ್ಮ ಲ್ಯಾಬಿನ ಪದ್ಧತಿ. ಅದಾದ ಮೇಲೆ ಕರಗುತ್ತಿರುವ ಮಂಜುಗಡ್ಡೆಯ ನೀರಿನಲ್ಲಿ ಎಲ್ಲವನ್ನೂ ಒಟ್ಟಿಗೆ ಅದ್ದಿ, ಅರ್ಧ ಡಿಗ್ರಿಗಿಂತ ಹೆಚ್ಚು ತಪ್ಪಿದವನ್ನು ಹುಳು ಮನೆಗೆ ಕಳಿಸದೆ ಬೇರೆ ಎತ್ತಿಡುತ್ತೇವೆ.