ಶಾಯಿಯಿಲ್ಲದ ಲೇಖನಿ: ಡಿಜಿಟಲ್ ಸ್ಟೈಲಸ್‌ನ ಚರಿತ್ರೆ ಮತ್ತು ಆಯ್ಕೆಯ ಪ್ರಶ್ನೆ

ಟಿಪ್ಪಣಿ ಬರೆಯುವುದಕ್ಕೂ ಚಿತ್ರ ಬಿಡಿಸುವುದಕ್ಕೂ ಇಂದು ಬಳಕೆಯಲ್ಲಿರುವ ಡಿಜಿಟಲ್ ಸ್ಟೈಲಸ್‌ಗಳು ಹೊರನೋಟಕ್ಕೆ ಒಂದನ್ನೊಂದು ಹೋಲುತ್ತವೆಯಾದರೂ, ಒಂದು ಕಂಪನಿಯ ಟ್ಯಾಬ್ಲೆಟ್ಟಿಗಾಗಿ ತಯಾರಾದ ಪೆನ್ನು ಮತ್ತೊಂದರ ಪರದೆಯ ಮೇಲೆ ಒಂದು ಗೆರೆಯನ್ನೂ ಮೂಡಿಸದಿರುವುದು ಸಾಮಾನ್ಯ ಸಂಗತಿ. ತಾಳೆಗರಿಯ ಮೇಲೆ ಅಕ್ಷರ ಕೊರೆಯುತ್ತಿದ್ದ ಕಬ್ಬಿಣದ ಕಂಟದಂತೆ ಸ್ಟೈಲಸ್ ಕೂಡ ಶಾಯಿಯಿಲ್ಲದ ಮೊನೆಯೇ. ಆದರೆ ಕಂಟವನ್ನು ಯಾವ ಗರಿಯ ಮೇಲಾದರೂ ಆಡಿಸಬಹುದಾಗಿದ್ದರೆ, ಸ್ಟೈಲಸ್ ತನ್ನ ಸ್ಥಾನವನ್ನು ಗುರುತಿಸಬಲ್ಲ ಫಲಕ ಸಿಗದ ಹೊರತು ನಿಷ್ಪ್ರಯೋಜಕ. ಮೊನೆಯು ಫಲಕದ ಯಾವ ಬಿಂದುವಿನಲ್ಲಿದೆ ಎಂಬುದನ್ನು ಕಂಡುಹಿಡಿಯುವ ಹೊಣೆ ಪೆನ್ನಿನದೋ, ಫಲಕದ್ದೋ, ಎರಡಕ್ಕೂ ಸೇರಿದ್ದೋ ಎಂಬ ಪ್ರಶ್ನೆಗೆ ಎಂಜಿನಿಯರುಗಳು ಕಾಲಕಾಲಕ್ಕೆ ಕೊಟ್ಟ ಬೇರೆಬೇರೆ ಉತ್ತರಗಳೇ ಈ ಉಪಕರಣದ ಚರಿತ್ರೆ; ಇಂದು ಸ್ಟೈಲಸ್ ಕೊಳ್ಳಹೊರಟವರ ಮುಂದಿರುವ ಆಯ್ಕೆಗಳೂ ಆ ಉತ್ತರಗಳಿಂದಲೇ ಹುಟ್ಟಿಕೊಂಡಿವೆ.

ಕೈಬರಹವನ್ನು ವಿದ್ಯುತ್ ಸಂಕೇತವನ್ನಾಗಿ ಪರಿವರ್ತಿಸುವ ಯತ್ನ ಕಂಪ್ಯೂಟರಿಗಿಂತ ಹಳೆಯದು. ದೂರವಾಣಿಯ ಹಕ್ಕಿಗಾಗಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರೊಡನೆ ಸ್ಪರ್ಧಿಸಿದ್ದ ಅಮೆರಿಕದ ಎಲಿಶಾ ಗ್ರೇ, 1888ರಲ್ಲಿ ಟೆಲಾಟೋಗ್ರಾಫ್ ಎಂಬ ಯಂತ್ರಕ್ಕೆ ಪೇಟೆಂಟ್ ಪಡೆದರು. ಬರೆಯುವವನ ಪೆನ್ನಿನ ಚಲನೆಗೆ ತಕ್ಕಂತೆ ತಂತಿಯಲ್ಲಿ ಹರಿಯುವ ವಿದ್ಯುತ್ತು ಬದಲಾಗುತ್ತಿತ್ತು. ತಂತಿಯ ಇನ್ನೊಂದು ತುದಿಯಲ್ಲಿದ್ದ ಶಾಯಿಯ ಪೆನ್ನು ಅದೇ ಚಲನೆಯನ್ನು ಅನುಕರಿಸಿ ಕಾಗದದ ಮೇಲೆ ಬರೆಯುತ್ತಿತ್ತು. 1893ರ ಷಿಕಾಗೋ ವಿಶ್ವಮೇಳದಲ್ಲಿ ಪ್ರದರ್ಶಿತವಾದ ಈ ಯಂತ್ರ, ಸಹಿಯನ್ನು ದೂರಕ್ಕೆ ಕಳುಹಿಸಬೇಕಾದ ಬ್ಯಾಂಕುಗಳಂಥ ಕಡೆಗಳಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಗೆರೆಯನ್ನು ಇದು ರವಾನಿಸುತ್ತಿತ್ತೇ ಹೊರತು ಕೂಡಿಡುತ್ತಿರಲಿಲ್ಲ. ಕೂಡಿಟ್ಟು ತಿದ್ದುವ ಸಾಮರ್ಥ್ಯ ಬರಲು ಕಂಪ್ಯೂಟರಿನ ಆಗಮನವನ್ನೇ ಕಾಯಬೇಕಾಯಿತು.

ಕಂಪ್ಯೂಟರಿನ ಪರದೆಯೊಡನೆ ನೇರ ಸಂಪರ್ಕಕ್ಕೆ ಬಂದ ಮೊದಲ ಲೇಖನಿ ಬೆಳಕಿನ ಪೆನ್ನು, ಅಂದರೆ ಲೈಟ್ ಪೆನ್. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ವರ್ಲ್‌ವಿಂಡ್ ಕಂಪ್ಯೂಟರಿನ ಸುತ್ತ 1950ರ ದಶಕದಲ್ಲಿ ರೂಪುಗೊಂಡ ಈ ಉಪಕರಣದ ತತ್ತ್ವ ಸರಳವಾದುದು. ಕ್ಯಾಥೋಡ್ ಕಿರಣದ ಪರದೆಯ ಮೇಲೆ ಚಿತ್ರದ ಬಿಂದುಗಳು ಒಂದಾದ ಮೇಲೊಂದರಂತೆ ಬೆಳಗುತ್ತವೆ. ಪೆನ್ನಿನ ತುದಿಯಲ್ಲಿರುವ ಬೆಳಕಿನ ಸಂವೇದಕವು ತನ್ನೆದುರಿನ ಬಿಂದು ಬೆಳಗಿದ ಕ್ಷಣದಲ್ಲಿ ಸಂಕೇತ ಕಳುಹಿಸಿದರೆ, ಆ ಕ್ಷಣ ತಾನು ಯಾವ ಬಿಂದುವನ್ನು ಬೆಳಗಿಸುತ್ತಿದ್ದೆನೆಂಬುದನ್ನು ಬಲ್ಲ ಕಂಪ್ಯೂಟರು ಪೆನ್ನಿನ ಸ್ಥಾನವನ್ನು ಅರಿತುಕೊಳ್ಳುತ್ತದೆ. ಇದೇ ಪೆನ್ನನ್ನು ಬಳಸಿ ಐವನ್ ಸದರ್ಲೆಂಡ್ ಲಿಂಕನ್ ಪ್ರಯೋಗಾಲಯದ ಟಿಎಕ್ಸ್-2 ಕಂಪ್ಯೂಟರಿನ ಮೇಲೆ ಸ್ಕೆಚ್‌ಪ್ಯಾಡ್ ಎಂಬ ತಂತ್ರಾಂಶವನ್ನು ರಚಿಸಿ, 1963ರಲ್ಲಿ ಅದನ್ನು ತಮ್ಮ ಪಿಎಚ್.ಡಿ. ಪ್ರಬಂಧವಾಗಿ ಸಲ್ಲಿಸಿದರು. ಎರಡು ಗೆರೆಗಳು ಸಮಾಂತರವಾಗಿರಬೇಕು, ಇವೆರಡರ ಉದ್ದ ಒಂದೇ ಆಗಿರಬೇಕು ಎಂಬಂಥ ನಿಯಮಗಳನ್ನು ಕೊಟ್ಟರೆ ಕಂಪ್ಯೂಟರೇ ಚಿತ್ರವನ್ನು ತಿದ್ದಿಕೊಡುತ್ತಿದ್ದ ಈ ತಂತ್ರಾಂಶದಿಂದ ಇಂದಿನ ಕಂಪ್ಯೂಟರ್ ನೆರವಿನ ವಿನ್ಯಾಸಶಾಸ್ತ್ರದ ಒಂದು ಮುಖ್ಯ ಕವಲು ಹೊರಟಿತು. ಆದರೂ ನಿಂತಿರುವ ಪರದೆಯ ಮುಂದೆ ತೋಳನ್ನು ಎತ್ತಿ ಹಿಡಿದೇ ಬರೆಯಬೇಕಾದ್ದರಿಂದ ಕೈ ಬೇಗ ಸೋಲುತ್ತಿತ್ತು. ಬೆಳಕಿಲ್ಲದ ಜಾಗದಲ್ಲಿ ಪೆನ್ನಿಗೆ ಏನೂ ಕಾಣುತ್ತಿರಲಿಲ್ಲವಾದ್ದರಿಂದ, ಅದರ ಬೆನ್ನು ಹಿಡಿದು ಸಾಗುವ ಬೆಳಕಿನ ಶಿಲುಬೆಯೊಂದನ್ನು ಪರದೆಯ ಮೇಲೆ ಸದಾ ಮೂಡಿಸಬೇಕಾಗುತ್ತಿತ್ತು.

ಈ ಎರಡೂ ತೊಡಕುಗಳನ್ನು ಒಟ್ಟಿಗೆ ನಿವಾರಿಸಿದ್ದು ಕ್ಯಾಲಿಫೋರ್ನಿಯಾದ ರ‍್ಯಾಂಡ್ ಸಂಸ್ಥೆಯಲ್ಲಿ ಎಂ. ಆರ್. ಡೇವಿಸ್ ಮತ್ತು ಟಿ. ಓ. ಎಲ್ಲಿಸ್ ರೂಪಿಸಿ, 1964ರಲ್ಲಿ ವರದಿ ಮಾಡಿದ ರ‍್ಯಾಂಡ್ ಟ್ಯಾಬ್ಲೆಟ್. ಮೇಜಿನ ಮೇಲೆ ಮಲಗಿಸಿದ, ಸುಮಾರು 10 ಅಂಗುಲ ಚದರದ ಬರಹದ ಭಾಗವುಳ್ಳ ಫಲಕದ ಒಳಗೆ ಅಂಗುಲಕ್ಕೆ 100ರಂತೆ ತಾಮ್ರದ ಗೆರೆಗಳನ್ನು ಅಡ್ಡಲಾಗಿಯೂ ಉದ್ದಲಾಗಿಯೂ ಹಾಯಿಸಲಾಗಿತ್ತು. ಪ್ರತಿಯೊಂದು ಗೆರೆಯೂ ತನ್ನದೇ ಆದ ಸಂಕೇತಮಾಲೆಯನ್ನು ಹೊರಸೂಸುತ್ತಿದ್ದುದರಿಂದ, ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿದ್ದ ಪೆನ್ನಿನ ಮೊನೆ ಹತ್ತಿರದ ಗೆರೆಗಳ ಸಂಕೇತವನ್ನು ಗ್ರಹಿಸಿದೊಡನೆ 10 ಲಕ್ಷಕ್ಕೂ ಮೀರಿದ ಬಿಂದುಗಳಲ್ಲಿ ತಾನು ಯಾವುದರ ಮೇಲಿದೆಯೆಂಬುದು ನಿರ್ಧಾರವಾಗುತ್ತಿತ್ತು. ಕೈ ಒಂದು ಕಡೆ ಚಲಿಸಿ ಗೆರೆ ಎದುರಿನ ಪರದೆಯಲ್ಲಿ ಮೂಡುವ ಈ ವ್ಯವಸ್ಥೆಗೆ ಬಳಕೆದಾರರು ಬೇಗನೆ ಒಗ್ಗಿಕೊಂಡರು. ಪರದೆಯಿಲ್ಲದ, ಕಂಪ್ಯೂಟರಿಗೆ ಜೋಡಿಸಿ ಬಳಸುವ ಇಂದಿನ ಅಗ್ಗದ ಚಿತ್ರಫಲಕಗಳೆಲ್ಲ ಈ ಅನುಭವದ ವಾರಸುದಾರರು. ರ‍್ಯಾಂಡ್ ಸಂಸ್ಥೆಯಲ್ಲೇ ಮುಂದೆ ಸಿದ್ಧವಾದ ಗ್ರೇಲ್ ಎಂಬ ವ್ಯವಸ್ಥೆ ಕೈಯಿಂದ ಬಿಡಿಸಿದ ಚೌಕ, ಬಾಣ ಮತ್ತು ಅಕ್ಷರಗಳನ್ನು ಗುರುತಿಸಿ ಅಚ್ಚುಕಟ್ಟಾದ ನಕ್ಷೆಯನ್ನಾಗಿ ಮಾಡಿಕೊಡುತ್ತಿತ್ತು. ಪುಸ್ತಕದಂತೆ ಹಿಡಿದೊಯ್ಯಬಲ್ಲ ಡೈನಾಬುಕ್ ಎಂಬ ಕಂಪ್ಯೂಟರನ್ನು 1972ರಲ್ಲಿ ವಿವರಿಸಿದ ಅಲನ್ ಕೇ ಅವರ ಮೇಲೆ ಗ್ರೇಲ್‌ನ ಪ್ರಭಾವ ಗಾಢವಾಗಿತ್ತು.

ಉಳಿದಿದ್ದ ದೊಡ್ಡ ಅಡಚಣೆ ಪೆನ್ನಿಗೆ ಕಟ್ಟಿದ್ದ ತಂತಿ. 1983ರಲ್ಲಿ ಜಪಾನಿನ ಸೈತಾಮಾ ಪ್ರಾಂತದಲ್ಲಿ ಸ್ಥಾಪನೆಯಾದ ವಾಕಾಮ್ ಕಂಪನಿ ಆ ತಂತಿಯನ್ನು ತೆಗೆದುಹಾಕಿದ್ದಷ್ಟೇ ಅಲ್ಲದೆ ಪೆನ್ನಿಗೆ ಬ್ಯಾಟರಿಯೂ ಬೇಡವಾಗುವಂತೆ ಮಾಡಿತು. ವಿದ್ಯುತ್ಕಾಂತೀಯ ಅನುರಣನ ಎಂಬ ಈ ವಿಧಾನದಲ್ಲಿ ಫಲಕದೊಳಗಿನ ತಂತಿಯ ಸುರುಳಿಗಳು ಕ್ಷಣಮಾತ್ರ ಕಾಂತಕ್ಷೇತ್ರವನ್ನು ಹೊಮ್ಮಿಸುತ್ತವೆ; ಪೆನ್ನಿನೊಳಗಿರುವ ಸುರುಳಿ ಮತ್ತು ಧಾರಕಗಳ ಮಂಡಲವು ಆ ಶಕ್ತಿಯನ್ನು ಹೀರಿಕೊಂಡು ಮಿಡಿಯತೊಡಗುತ್ತದೆ; ಫಲಕವು ತನ್ನ ಪ್ರಸಾರವನ್ನು ನಿಲ್ಲಿಸಿ, ಪೆನ್ನಿನಿಂದ ಮರಳುವ ಮಿಡಿತ ಯಾವ ಸುರುಳಿಯಲ್ಲಿ ಪ್ರಬಲವಾಗಿದೆಯೆಂದು ನೋಡಿ ಮೊನೆಯ ಸ್ಥಾನವನ್ನು ಲೆಕ್ಕ ಹಾಕುತ್ತದೆ. ಮೊನೆಯನ್ನು ಒತ್ತಿದಾಗ ಮಿಡಿತದ ಲಕ್ಷಣವೂ ತುಸು ಬದಲಾಗುವುದರಿಂದ ಕೈ ಎಷ್ಟು ಭಾರ ಹಾಕಿದೆಯೆಂಬುದೂ ಫಲಕಕ್ಕೆ ತಿಳಿಯುತ್ತದೆ. ಕುಂಚದಂತೆ ಗೆರೆಯನ್ನು ದಪ್ಪವಾಗಿಸಿ ತೆಳುವಾಗಿಸುವ ಈ ಒತ್ತಡ ಸಂವೇದನೆ, ಎಂಜಿನಿಯರಿನ ಉಪಕರಣವಾಗಿದ್ದ ಸ್ಟೈಲಸ್ಸನ್ನು ಚಿತ್ರಕಾರರ ಉಪಕರಣವನ್ನಾಗಿ ಮಾಡಿತು. 2001ರಲ್ಲಿ ಇದೇ ಕಂಪನಿ ಹೊರತಂದ ಸಿಂಟಿಕ್ ಸಾಧನದಲ್ಲಿ ಫಲಕವೂ ಪರದೆಯೂ ಒಂದಾಗಿ, ಕಣ್ಣು ಮತ್ತು ಕೈ ಮತ್ತೆ ಒಂದೇ ಜಾಗಕ್ಕೆ ಬಂದವು. ಸುರುಳಿಗಳ ಪದರವನ್ನು ಪರದೆಯ ಹಿಂದೆ ಪ್ರತ್ಯೇಕವಾಗಿ ಕೂರಿಸಬೇಕಾದ್ದರಿಂದ ಬೆಲೆ ಮಾತ್ರ ಏರಿತು.

ಚಿತ್ರಕಾರರ ಪೆನ್ನು ಹೀಗೆ ಪಕ್ವವಾಗುತ್ತಿದ್ದ ಕಾಲದಲ್ಲೇ ಟಿಪ್ಪಣಿಗಾರರ ಪೆನ್ನು ಬೇರೊಂದು ಹಾದಿ ಹಿಡಿದಿತ್ತು. 1989ರ ಗ್ರಿಡ್‌ಪ್ಯಾಡ್ ಎಂಬ ಪೆನ್ನಿನ ಕಂಪ್ಯೂಟರಿನಿಂದ ಆರಂಭವಾದ ಆ ಹಾದಿಯಲ್ಲಿ, ಬರೆದುದನ್ನು ಯಂತ್ರ ಓದಿ ಅಚ್ಚಿನ ಅಕ್ಷರವಾಗಿ ಬದಲಿಸಬೇಕೆಂಬುದೇ ಗುರಿಯಾಗಿತ್ತು. 1993ರಲ್ಲಿ ಆಪಲ್ ಕಂಪನಿ ಬಿಡುಗಡೆ ಮಾಡಿದ ನ್ಯೂಟನ್ ಮೆಸೇಜ್‌ಪ್ಯಾಡ್ ಕೈಬರಹವನ್ನು ತಪ್ಪಾಗಿ ಓದುವುದಕ್ಕೇ ಹೆಸರಾಗಿ, ಡೂನ್ಸ್‌ಬರಿ ವ್ಯಂಗ್ಯಚಿತ್ರಮಾಲೆಯ ಗೇಲಿಗೂ ಗುರಿಯಾಗಿ, 1998ರಲ್ಲಿ ಕೊನೆಗೊಂಡಿತು. ಗ್ರಿಡ್‌ಪ್ಯಾಡನ್ನು ರೂಪಿಸಿದ್ದ ಜೆಫ್ ಹಾಕಿನ್ಸ್ ಯಂತ್ರದ ಇಂಥ ತಪ್ಪು ಓದಿನಿಂದ ಪಾಠ ಕಲಿತು, 1996ರ ಪಾಮ್ ಪೈಲಟ್ ಸಾಧನದಲ್ಲಿ ಯಂತ್ರಕ್ಕೆ ಮನುಷ್ಯನ ಅಕ್ಷರವನ್ನು ಕಲಿಸುವ ಬದಲು ಮನುಷ್ಯನಿಗೇ ಗ್ರಾಫಿಟಿ ಎಂಬ ಸರಳ ಲಿಪಿಯನ್ನು ಕಲಿಸಿದರು. ಬಹುಪಾಲು ಅಕ್ಷರಗಳಿಗೆ ಪೆನ್ನೆತ್ತದೆ ಎಳೆಯುವ ಒಂದೇ ಗೆರೆಯಿದ್ದ ಆ ಲಿಪಿ ಜನಪ್ರಿಯವಾಯಿತು. ಪಾಮ್‌ನ ಪರದೆ ರೆಸಿಸ್ಟಿವ್ ಮಾದರಿಯದು: ನಡುವೆ ಸಣ್ಣ ಅಂತರವಿರುವ ಎರಡು ವಾಹಕ ಪದರಗಳು ಒತ್ತಿದ ಜಾಗದಲ್ಲಿ ಒಂದಕ್ಕೊಂದು ತಗುಲಿ ಸ್ಥಾನವನ್ನು ತಿಳಿಸುತ್ತಿದ್ದುದರಿಂದ, ಒಳಗೆ ಏನೂ ಇಲ್ಲದ ಪ್ಲಾಸ್ಟಿಕ್ ಕಡ್ಡಿಯೇ ಸ್ಟೈಲಸ್ ಆಗಬಹುದಿತ್ತು.

26 ಅಕ್ಷರಗಳ ಭಾಷೆಗೆ ಹೊಂದಿದ ಈ ಉಪಾಯ, ಗುಣಿತಾಕ್ಷರ ಮತ್ತು ಒತ್ತಕ್ಷರಗಳಿಂದ ಸಾವಿರಾರು ರೂಪಗಳನ್ನು ತಾಳುವ ಕನ್ನಡದಂಥ ಲಿಪಿಗೆ ನಿಲುಕುವಂತಿರಲಿಲ್ಲ. ಸ್ಟೈಲಸ್‌ನ ಚರಿತ್ರೆಯಲ್ಲಿ ಬೆಂಗಳೂರಿನ ಹೆಸರು ಬರುವುದು ಈ ಘಟ್ಟದಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳೊಡನೆ ಸೇರಿ, ಕೀಲಿಮಣೆಯ ಅಭ್ಯಾಸವಿಲ್ಲದವರೂ ತಮ್ಮ ನುಡಿಯಲ್ಲೇ ಬಳಸಬಹುದಾದ ಸಿಂಪ್ಯೂಟರ್ ಎಂಬ ಕೈಗಣಕವನ್ನು ವಿನ್ಯಾಸಗೊಳಿಸಿ 2001ರಲ್ಲಿ ಅದರ ಮಾದರಿಯನ್ನು ಪ್ರದರ್ಶಿಸಿದರು. ಲಿನಕ್ಸ್ ಆಧಾರದ ಮೇಲೆ ನಡೆಯುತ್ತಿದ್ದ ಆ ಸಾಧನಕ್ಕೆ ಸ್ಟೈಲಸ್ಸೇ ಮುಖ್ಯ ಕರಣ. 2004ರಲ್ಲಿ ಪಿಕೋಪೆಟಾ ಸಂಸ್ಥೆಯು ಭಾರತ್ ಎಲೆಕ್ಟ್ರಾನಿಕ್ಸ್ ಜೊತೆಗೂಡಿ ಮಾರುಕಟ್ಟೆಗೆ ತಂದ ಅಮಿಡಾ ಸಿಂಪ್ಯೂಟರಿನಲ್ಲಿ ಕೈಯಿಂದ ಗೀಚಿದ ಬರಹವನ್ನು ಇದ್ದಂತೆಯೇ ಮಿಂಚಂಚೆಯಾಗಿ ಕಳುಹಿಸಬಹುದಾಗಿತ್ತು. ಯಂತ್ರವು ಓದಲಾರದ ಲಿಪಿಯನ್ನು ಓದಿಸಲು ಹೆಣಗುವ ಬದಲು ಗೆರೆಯನ್ನೇ ಪತ್ರವೆಂದು ಒಪ್ಪಿಕೊಂಡ ಈ ನಿಲುವು ಸಮಯೋಚಿತವಾಗಿತ್ತಾದರೂ, ಸಿಂಪ್ಯೂಟರ್ ನಿರೀಕ್ಷಿಸಿದ ಪ್ರಮಾಣದಲ್ಲಿ ಮಾರಾಟವಾಗಲಿಲ್ಲ. ಇದೇ ದಶಕದಲ್ಲಿ ಬೆಂಗಳೂರಿನ ಎಚ್‌ಪಿ ಪ್ರಯೋಗಾಲಯವು ಕನ್ನಡ ಮತ್ತು ಹಿಂದಿಗಳಿಗಾಗಿ ಜೆಸ್ಚರ್ ಕೀಬೋರ್ಡ್ ಎಂಬ ಸಾಧನವನ್ನು ರೂಪಿಸಿತು. ಫಲಕದ ಮೇಲೆ ಅಚ್ಚಾಗಿದ್ದ ವ್ಯಂಜನಗಳ ಚೌಕಗಳಲ್ಲಿ ಬೇಕಾದುದರ ಮೇಲೆ ಪೆನ್ನೂರಿ, ಅಲ್ಲೇ ಇಳಿ, ಗುಡಿಸು, ಕೊಂಬುಗಳಂಥ ಸ್ವರಚಿಹ್ನೆಯನ್ನು ಎಳೆದರೆ ಗುಣಿತಾಕ್ಷರ ಸಿದ್ಧವಾಗುತ್ತಿತ್ತು. ಯಂತ್ರವು ಗುರುತಿಸಬೇಕಾದ ಆಕಾರಗಳು ಕೆಲವೇ ಚಿಹ್ನೆಗಳಿಗೆ ಇಳಿದಿದ್ದವು. ಕಾಗುಣಿತದ ಕ್ರಮವನ್ನೇ ಯಂತ್ರದ ಕ್ರಮವನ್ನಾಗಿ ಮಾಡಿದ ಇಂಥ ಪ್ರಯೋಗಗಳನ್ನು ಮುಂದೆ ಫೋನುಗಳ ಸ್ಪರ್ಶ ಕೀಲಿಮಣೆಗಳು ಮರೆಗೆ ಸರಿಸಿದವು.

ಕೈಬರಹವನ್ನು ಕೈಬರಹವಾಗಿಯೇ ಉಳಿಸುವ ವಿಚಾರ ದೊಡ್ಡ ಪ್ರಮಾಣದಲ್ಲಿ ನೆಲೆಗೊಂಡಿದ್ದು 2002ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ಟ್ಯಾಬ್ಲೆಟ್ ಪಿಸಿಯಿಂದ. ಪೆನ್ನಿನ ಗೆರೆಗಳನ್ನು ಡಿಜಿಟಲ್ ಶಾಯಿ ಎಂಬ ಸ್ವತಂತ್ರ ದತ್ತಾಂಶವಾಗಿ ಕಾಪಾಡಿ, ಬೇಕೆನಿಸಿದಾಗ ಮಾತ್ರ ಅಕ್ಷರಕ್ಕೆ ಪರಿವರ್ತಿಸುವ ಪದ್ಧತಿ ಅಲ್ಲಿಂದ ಬೇರೂರಿತು. ಆದರೆ ಆ ಯಂತ್ರಗಳ ತೂಕ ಮತ್ತು ಬೆಲೆ ಸಾಮಾನ್ಯ ಬಳಕೆಗೆ ಅಡ್ಡಿಯಾದವು. 2007ರಲ್ಲಿ ಐಫೋನನ್ನು ಪರಿಚಯಿಸುತ್ತ ಸ್ಟೀವ್ ಜಾಬ್ಸ್ ಸ್ಟೈಲಸ್ಸನ್ನು ಹಾಸ್ಯ ಮಾಡಿ ಬೆರಳೇ ಸಾಕೆಂದು ಸಾರಿದ ಮೇಲೆ ಪೆನ್ನಿನ ಯುಗವೇ ಮುಗಿಯಿತೆಂಬ ಭಾವನೆ ಹರಡಿತು.

ಬೆರಳಿಗಾಗಿ ರಚಿತವಾದ ಕೆಪ್ಯಾಸಿಟಿವ್ ಪರದೆಯು ವಾಹಕ ವಸ್ತುವೊಂದು ಸಮೀಪಿಸಿದಾಗ ವಿದ್ಯುತ್ ಧಾರಕತೆಯಲ್ಲಿ ಆಗುವ ವ್ಯತ್ಯಾಸವನ್ನು ಅಳೆಯುತ್ತದೆ. ಬೆರಳಿನಷ್ಟು ವಿಸ್ತಾರದ ಸ್ಪರ್ಶವನ್ನು ನಿರೀಕ್ಷಿಸುವ ಇಂಥ ಪರದೆಗೆ ಚೂಪಾದ ಮೊನೆ ಕಾಣದಿರುವುದರಿಂದ, ಅದಕ್ಕೆಂದು ಬಂದ ನಿಷ್ಕ್ರಿಯ ಸ್ಟೈಲಸ್‌ಗಳ ತುದಿಯಲ್ಲಿ ದಪ್ಪ ರಬ್ಬರಿನ ಗುಬುಟು ಇರುತ್ತದೆ. ಒತ್ತಡವನ್ನು ಅವು ತಿಳಿಸಲಾರವು, ಬರೆಯುವಾಗ ಪರದೆಗೆ ತಾಗುವ ಅಂಗೈಗೂ ಮೊನೆಗೂ ಇರುವ ಭೇದವನ್ನು ಸಾರಲಾರವು. 2011ರ ಗ್ಯಾಲಕ್ಸಿ ನೋಟ್ ಫೋನಿನಲ್ಲಿ ಸ್ಯಾಮ್‌ಸಂಗ್ ವಾಕಾಮ್‌ನ ಅನುರಣನ ಪದರವನ್ನು ಪರದೆಯ ಹಿಂದೆ ಅಳವಡಿಸಿ ಪೆನ್ನನ್ನು ಮರಳಿ ತಂದಿತು. ಇಸ್ರೇಲಿನ ಎನ್-ಟ್ರಿಗ್ ಸಂಸ್ಥೆ ಬೇರೆ ದಾರಿ ಹಿಡಿದು, ಬ್ಯಾಟರಿಯುಳ್ಳ ಪೆನ್ನೇ ಸಂಕೇತ ಹೊಮ್ಮಿಸುವಂತೆಯೂ ಬೆರಳಿಗಾಗಿ ಇರುವ ಜಾಲವೇ ಅದನ್ನು ಗ್ರಹಿಸುವಂತೆಯೂ ಮಾಡಿತು. 2014ರ ಸರ್ಫೇಸ್ ಪ್ರೊ 3ರಲ್ಲಿ ಈ ತಂತ್ರವನ್ನು ಬಳಸಿದ ಮೈಕ್ರೋಸಾಫ್ಟ್ ಮರುವರ್ಷ ಆ ಸಂಸ್ಥೆಯನ್ನೇ ಕೊಂಡಿತು. 2015ರಲ್ಲಿ ಐಪ್ಯಾಡ್ ಪ್ರೊ ಜೊತೆ ಬಂದ ಆಪಲ್ ಪೆನ್ಸಿಲ್ ಕೂಡ ಸಕ್ರಿಯ ಪೆನ್ನುಗಳ ಈ ವರ್ಗಕ್ಕೇ ಸೇರಿದ್ದು. ಪ್ರತಿ ಕಂಪನಿಯ ಸಂಕೇತಭಾಷೆಯೂ ಬೇರೆಯಾದ್ದರಿಂದ ಹುಟ್ಟಿದ ಗೊಂದಲವನ್ನು ನೀಗಿಸಲು ಅದೇ ವರ್ಷ ಯುಎಸ್ಐ ಎಂಬ ಸಾಮಾನ್ಯ ಮಾನಕದ ಯತ್ನ ಆರಂಭವಾಯಿತಾದರೂ, ಅದು ಮುಖ್ಯವಾಗಿ ಕ್ರೋಮ್‌ಬುಕ್‌ಗಳಲ್ಲಿ ನೆಲೆಯೂರಿತೇ ಹೊರತು ಆಪಲ್ ಪರದೆಗಳಿಗೆ ಅನ್ವಯಿಸಲಿಲ್ಲ.

ಈ ಚರಿತ್ರೆಯಿಂದ ಆಯ್ಕೆಯ ಕ್ರಮವೂ ಸ್ಪಷ್ಟವಾಗುತ್ತದೆ. ಪ್ಲಾಸ್ಟಿಕ್ ಕಡ್ಡಿಯ ಕಾಲದಲ್ಲಿ ಪೆನ್ನನ್ನು ಮೊದಲು ಆರಿಸಿದರೂ ನಡೆಯುತ್ತಿತ್ತು. ಇಂದು ಅನುರಣನದ ಫಲಕಕ್ಕೆ ಅನುರಣನದ ಪೆನ್ನು, ಸಕ್ರಿಯ ಪರದೆಗೆ ಅದರದೇ ಸಂಕೇತಭಾಷೆಯ ಪೆನ್ನು ಬೇಕಾದ್ದರಿಂದ ಮೊದಲು ನಿರ್ಧರಿಸಬೇಕಾದದ್ದು ಫಲಕ. ಚಿತ್ರ ಬಿಡಿಸುವವರು ಒತ್ತಡ ಮತ್ತು ಓರೆಯ ಸಂವೇದನೆ ಎರಡೂ ಇವೆಯೇ ಎಂದು ಮೊದಲೇ ವಿಚಾರಿಸಬೇಕು. 2023ರಲ್ಲಿ ಬಂದ ಯುಎಸ್‌ಬಿ-ಸಿ ಮಾದರಿಯ ಆಪಲ್ ಪೆನ್ಸಿಲ್ ಓರೆಯನ್ನು ಗ್ರಹಿಸಿದರೂ ಒತ್ತಡವನ್ನು ಗ್ರಹಿಸುವುದಿಲ್ಲವಾದ್ದರಿಂದ ಅದು ಟಿಪ್ಪಣಿಗೆ ಸಾಕು, ಕುಂಚದ ಕೆಲಸಕ್ಕೆ ಸಾಲದು. 4096, 8192 ಎಂದು ಜಾಹೀರಾತುಗಳು ಹೇಳುವ ಒತ್ತಡದ ಹಂತಗಳಿಗಿಂತ, ಹಗುರವಾಗಿ ತಾಗಿಸಿದಾಗಲೂ ಗೆರೆ ಮೂಡುತ್ತದೆಯೇ, ಮೊನೆಗೂ ಗೆರೆಗೂ ನಡುವೆ ವಿಳಂಬ ಕಾಣುತ್ತದೆಯೇ ಎಂಬುದು ಕೈಗೆ ಹೆಚ್ಚು ತಿಳಿಯುವ ಸಂಗತಿ. ಟಿಪ್ಪಣಿಗಾರರಿಗೆ, ಅದರಲ್ಲೂ ಕನ್ನಡದಲ್ಲಿ ಬರೆಯುವವರಿಗೆ, ಬರಹವನ್ನು ಅಚ್ಚಿನ ಅಕ್ಷರಕ್ಕೆ ತಿರುಗಿಸುವ ಸೌಲಭ್ಯಕ್ಕಿಂತ ಅಂಗೈಯನ್ನು ಕಡೆಗಣಿಸಿ ಮೊನೆಯನ್ನಷ್ಟೇ ಗುರುತಿಸುವ ಪರದೆ ಹಾಗೂ ಗೆರೆಯನ್ನು ಗೆರೆಯಾಗಿಯೇ ಉಳಿಸಿಡುವ ತಂತ್ರಾಂಶ ಮುಖ್ಯ. ಫಲಕವನ್ನು ನೋಡಿ ಪೆನ್ನು ಕೊಂಡವರು ಸಾಮಾನ್ಯವಾಗಿ ಕೆಡುವುದಿಲ್ಲ; ಪೆನ್ನನ್ನು ಮಾತ್ರ ನೋಡಿ ಕೊಂಡವರು ಅದನ್ನು ಅಂಗಡಿಗೆ ಹಿಂದಿರುಗಿಸಬೇಕಾಗಿ ಬರುವುದೇ ಹೆಚ್ಚು.